ಬೀಜಿಂಗ್‌ನ ಬೀದಿ ಜಾಲ ಮತ್ತು ನಗರದ ಹರಹು

ಬೀಜಿಂಗ್‌ನ ಬೀದಿ ಜಾಲ ಎಂದರೆ ಚೀನಾದ ರಾಜಧಾನಿಯಾದ ಬೀಜಿಂಗ್ ನಗರದ ವರ್ತುಲ ರಸ್ತೆ, ಮುಖ್ಯರಸ್ತೆ, ಅಡ್ಡರಸ್ತೆ ಹಾಗೂ ಓಣಿಗಳು ಒಂದಕ್ಕೊಂದು ಕೂಡಿಕೊಂಡಿರುವ ವ್ಯವಸ್ಥೆ. 13ನೆಯ ಶತಮಾನದಲ್ಲಿ ಚೌಕಳಿಯ ವಿನ್ಯಾಸದಲ್ಲಿ ರೂಪುಗೊಂಡ ಈ ಜಾಲವು 1950ರ ದಶಕದಿಂದೀಚೆಗೆ ಗೋಡೆಯಿಂದ ಸುತ್ತುವರಿದ ದೊಡ್ಡ ಆವರಣಗಳು ಮತ್ತು ಅವುಗಳ ನಡುವೆ ಹಾದುಹೋಗುವ ಅಗಲವಾದ ರಸ್ತೆಗಳ ಜಾಲವಾಗಿ ಮಾರ್ಪಟ್ಟಿತು. ನಗರ ಹೊರಕ್ಕೆ ಬೆಳೆದಂತೆ ರಸ್ತೆಗಳ ಅಗಲ ಹೆಚ್ಚಿತು. ಅವು ಒಂದನ್ನೊಂದು ಸಂಧಿಸುವ ಸ್ಥಳಗಳು ಮಾತ್ರ ವಿರಳವಾದವು.

ನಗರದ ಹರಹು ಎಂಬ ಪರಿಕಲ್ಪನೆಯು ಮುಖ್ಯವಾಗಿ ಅಮೆರಿಕದ ಉಪನಗರಗಳ ಅಧ್ಯಯನದಿಂದ ಬಂದಿದೆ. ಅಲ್ಲಿ ಹರಹು ಎಂದರೆ ಒಂಟಿ ಮನೆಗಳು, ವಿರಳ ಜನಸಾಂದ್ರತೆ ಮತ್ತು ಕಾರಿನ ಅವಲಂಬನೆ. ಬೀಜಿಂಗ್‌ನ ಹೊರವಲಯದಲ್ಲಿ ಕಾಣುವುದು ಇದಕ್ಕಿಂತ ಭಿನ್ನವಾದ ಚಿತ್ರ. ಅಲ್ಲಿ ಬಹುಮಹಡಿ ಕಟ್ಟಡಗಳು ಸಾಲುಸಾಲಾಗಿ ನಿಂತಿವೆ, ಜನಸಾಂದ್ರತೆಯೂ ಅಧಿಕ. ಆದರೂ ಎದುರಿನ ಆವರಣಕ್ಕೆ ಹೋಗಬೇಕಾದವನು ಸುತ್ತುಹಾದಿ ಹಿಡಿಯಬೇಕಾಗುತ್ತದೆ. ಆದ್ದರಿಂದ ಈ ನಗರದ ಹರಹನ್ನು ಜನಸಾಂದ್ರತೆಯಿಂದ ಅಳೆಯುವುದಕ್ಕಿಂತ ಬೀದಿಗಳ ಪರಸ್ಪರ ಸಂಪರ್ಕದಿಂದ ಅಳೆಯುವುದು ಹೆಚ್ಚು ಅರ್ಥಪೂರ್ಣ.

ಬೀದಿ ಸಂಪರ್ಕದ ಅಳತೆ

ಬೀದಿ ಸಂಪರ್ಕವನ್ನು ಅಳೆಯಲು ಹಲವು ಮಾನದಂಡಗಳಿವೆ. ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಉದ್ದದ ರಸ್ತೆಯಿದೆ ಎಂಬುದು ರಸ್ತೆ ಜಾಲದ ಸಾಂದ್ರತೆ. ಎಷ್ಟು ಕೂಡುರಸ್ತೆಗಳಿವೆ, ಪ್ರತಿ ಕೂಡುರಸ್ತೆಯಲ್ಲಿ ಎಷ್ಟು ದಾರಿಗಳು ಸೇರುತ್ತವೆ, ಮುಂದೆ ದಾರಿಯಿಲ್ಲದೆ ಕೊನೆಗೊಳ್ಳುವ ಬೀದಿಗಳ ಪಾಲು ಎಷ್ಟು, ನೇರ ದೂರಕ್ಕೆ ಹೋಲಿಸಿದರೆ ನಡೆಯಬೇಕಾದ ದೂರ ಎಷ್ಟು ಪಟ್ಟು ಎಂಬಿವು ಉಳಿದ ಮುಖ್ಯ ಅಳತೆಗಳು.

ಸರಳ ಲೆಕ್ಕವೊಂದು ಇವುಗಳ ಸಂಬಂಧವನ್ನು ತೋರಿಸುತ್ತದೆ. ರಸ್ತೆಗಳು 500 ಮೀಟರಿಗೊಂದರಂತೆ ಎರಡೂ ದಿಕ್ಕಿನಲ್ಲಿ ಹಾದುಹೋಗುವ ಚೌಕಳಿಯಲ್ಲಿ ಚದರ ಕಿಲೋಮೀಟರಿಗೆ 4 ಕಿಲೋಮೀಟರ್ ರಸ್ತೆ ಮತ್ತು 4 ಕೂಡುರಸ್ತೆಗಳು ಇರುತ್ತವೆ. ಅಂತರವನ್ನು 250 ಮೀಟರಿಗೆ ಇಳಿಸಿದರೆ ರಸ್ತೆಯ ಉದ್ದ ಇಮ್ಮಡಿಯಾಗಿ 8 ಕಿಲೋಮೀಟರ್ ಆಗುತ್ತದೆ. ಕೂಡುರಸ್ತೆಗಳು ಮಾತ್ರ ನಾಲ್ಕು ಪಟ್ಟಾಗಿ 16ಕ್ಕೆ ಏರುತ್ತವೆ. ಒಂದೇ ವಿಸ್ತೀರ್ಣದ ಡಾಂಬರನ್ನು ಕೆಲವೇ ಅಗಲ ರಸ್ತೆಗಳಿಗೆ ಬಳಸಿದಾಗ ಮತ್ತು ಅನೇಕ ಕಿರಿದಾದ ಬೀದಿಗಳಿಗೆ ಹಂಚಿದಾಗ ನಡೆಯುವವರಿಗೆ ದೊರೆಯುವ ಆಯ್ಕೆಗಳಲ್ಲಿ ಇಷ್ಟು ವ್ಯತ್ಯಾಸ ಉಂಟಾಗುತ್ತದೆ.

ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಮ್ ಮಿಲ್ಲರ್ಡ್-ಬಾಲ್ ಎಂಬ ಸಂಶೋಧಕರು ಇಂತಹ ಹಲವು ಅಳತೆಗಳನ್ನು ಒಟ್ಟುಗೂಡಿಸಿ ಬೀದಿ ಜಾಲದ ಸಂಪರ್ಕಹೀನತೆಯ ಸೂಚ್ಯಂಕವೊಂದನ್ನು ರೂಪಿಸಿದರು. ಅಮೆರಿಕದಲ್ಲಿ ಹೊಸದಾಗಿ ನಿರ್ಮಾಣವಾದ ಬೀದಿಗಳ ಸಂಪರ್ಕಹೀನತೆ 1990ರ ದಶಕದ ಮಧ್ಯಭಾಗದಲ್ಲಿ ಶಿಖರ ಮುಟ್ಟಿ ಅನಂತರ ಇಳಿಯಿತೆಂದು ಅವರ 2015ರ ಅಧ್ಯಯನ ತಿಳಿಸಿತು. 2020ರಲ್ಲಿ ಪ್ರಕಟವಾದ ಅಧ್ಯಯನವು ಜಗತ್ತಿನ ಬಹುಭಾಗದಲ್ಲಿ ಹೊಸ ಬೀದಿಗಳ ಸಂಪರ್ಕ ಕುಗ್ಗುತ್ತಿದೆ ಎಂದು ತೋರಿಸಿತು. ಒಮ್ಮೆ ಹಾಕಿದ ಬೀದಿಯ ವಿನ್ಯಾಸ ಬಹುಮಟ್ಟಿಗೆ ಶಾಶ್ವತ. ಕಟ್ಟಡಗಳು ಬಿದ್ದು ಮತ್ತೆ ಏಳುತ್ತವೆ, ಬೀದಿಗಳ ರೇಖೆ ಶತಮಾನಗಳವರೆಗೆ ಉಳಿಯುತ್ತದೆ. ಬೀಜಿಂಗ್‌ನ ಹಳೆಯ ನಗರವೇ ಇದಕ್ಕೆ ಸಾಕ್ಷಿ.

ಹಳೆಯ ನಗರ ಮತ್ತು ಹುಟಾಂಗ್‌ಗಳು

ಕುಬ್ಲಾಯ್ ಖಾನನು 1267ರಲ್ಲಿ ಯುವಾನ್ ರಾಜವಂಶದ ರಾಜಧಾನಿ ದಾದುವಿನ ನಿರ್ಮಾಣವನ್ನು ಆರಂಭಿಸಿದನು. ನಗರದ ವಿನ್ಯಾಸದ ಹೊಣೆಯನ್ನು ಲಿಯು ಬಿಂಗ್‌ಝೊಂಗ್ ಹೊತ್ತಿದ್ದನು. ದೊಡ್ಡ ಬೀದಿಗೆ 24 ಹೆಜ್ಜೆ, ಸಣ್ಣ ಬೀದಿಗೆ 12 ಹೆಜ್ಜೆ, ಹುಟಾಂಗ್ ಎಂಬ ಓಣಿಗೆ 6 ಹೆಜ್ಜೆ ಅಗಲವೆಂದು ನಿಗದಿಪಡಿಸಲಾಗಿತ್ತು. ಇಲ್ಲಿ ಹೆಜ್ಜೆಯೆಂಬುದು ಸುಮಾರು ಒಂದೂವರೆ ಮೀಟರಿನ ಚೀನೀ ಮಾನ. ಆದ್ದರಿಂದ ಹುಟಾಂಗ್‌ನ ಅಗಲ ಸುಮಾರು 9 ಮೀಟರ್. ಹುಟಾಂಗ್ ಎಂಬ ಪದವು ಬಾವಿ ಎಂಬರ್ಥದ ಮಂಗೋಲ್ ಪದದಿಂದ ಬಂದಿದೆಯೆಂಬ ಅಭಿಪ್ರಾಯ ಪ್ರಚಲಿತವಾಗಿದೆಯಾದರೂ ಅದರ ಬಗ್ಗೆ ಒಮ್ಮತವಿಲ್ಲ.

ಹುಟಾಂಗ್‌ಗಳು ಬಹುತೇಕ ಪೂರ್ವ-ಪಶ್ಚಿಮವಾಗಿ ಸಾಗುತ್ತವೆ. ಸಿಹೆಯುವಾನ್ ಎಂಬ ತೊಟ್ಟಿಮನೆಯ ಮುಖ್ಯ ಕೋಣೆಗಳು ದಕ್ಷಿಣಕ್ಕೆ ಮುಖ ಮಾಡಿ ಚಳಿಗಾಲದ ಬಿಸಿಲನ್ನು ಪಡೆಯಬೇಕೆಂಬುದು ಇದಕ್ಕೆ ಕಾರಣ. ನಾನ್‌ಲುವೊಗುಷಿಯಾಂಗ್ ಪ್ರದೇಶದಲ್ಲಿ ಉತ್ತರ-ದಕ್ಷಿಣದ ಒಂದೇ ಬೀದಿಯ ಎರಡೂ ಬದಿಗೆ ಎಂಟೆಂಟು ಹುಟಾಂಗ್‌ಗಳು ಮೀನಿನ ಮುಳ್ಳಿನಂತೆ ಚಾಚಿಕೊಂಡಿವೆ. ಈ ಪ್ರದೇಶವೂ ದೊಂಗ್‌ಸಿ ಪ್ರದೇಶವೂ ಯುವಾನ್ ಕಾಲದ ಬೀದಿ ವಿನ್ಯಾಸವನ್ನು ಇಂದಿಗೂ ಉಳಿಸಿಕೊಂಡಿವೆ.

ಹಳೆಯ ನಗರ ಸಂಪೂರ್ಣವಾಗಿ ಮುಕ್ತವಾಗಿತ್ತೆಂದು ಭಾವಿಸುವುದು ತಪ್ಪು. ಒಳನಗರದ ಗೋಡೆಗೆ 9 ಮಹಾದ್ವಾರಗಳಿದ್ದವು. 1553ರಲ್ಲಿ ದಕ್ಷಿಣಕ್ಕೆ ಕಟ್ಟಲಾದ ಹೊರನಗರದ ಗೋಡೆಗೆ 7 ಇದ್ದವು. ನಗರದ ನಡುವೆ ಅರಮನೆಯನ್ನೂ ಅದರ ಸುತ್ತಲಿನ ರಾಜನಗರವನ್ನೂ ಆವರಿಸಿದ ಗೋಡೆಗಳು ಪೂರ್ವ ಭಾಗದಿಂದ ಪಶ್ಚಿಮ ಭಾಗಕ್ಕೆ ಹೋಗುವವರನ್ನು ಸುತ್ತುಹಾದಿಗೆ ತಳ್ಳುತ್ತಿದ್ದವು. ತಿಯಾನನ್‌ಮೆನ್ ದ್ವಾರದ ಮುಂದೆ ಚಾಂಗ್‌ಆನ್ ರಸ್ತೆ ಸಾರ್ವಜನಿಕರಿಗೆ ತೆರೆದದ್ದು 1911ರ ಕ್ರಾಂತಿಯ ನಂತರವೇ. ಆದರೂ ಈ ದೊಡ್ಡ ಗೋಡೆಗಳ ನಡುವಿನ ದಿನಬಳಕೆಯ ನಗರ ಸಣ್ಣ ಓಣಿಗಳಿಂದ ದಟ್ಟವಾಗಿ ಹೆಣೆದುಕೊಂಡಿತ್ತು. 1949ರಲ್ಲಿ ಹಳೆಯ ನಗರದಲ್ಲಿ 3,000ಕ್ಕೂ ಹೆಚ್ಚು ಹುಟಾಂಗ್‌ಗಳಿದ್ದವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 21ನೆಯ ಶತಮಾನದ ಆರಂಭದ ವೇಳೆಗೆ ಅವುಗಳಲ್ಲಿ ಅರ್ಧದಷ್ಟು ಮಾತ್ರ ಉಳಿದಿದ್ದವು.

ಆವರಣಗಳ ನಗರ

1950ರಲ್ಲಿ ವಾಸ್ತುಶಿಲ್ಪಿ ಲಿಯಾಂಗ್ ಸಿಚೆಂಗ್ ಮತ್ತು ನಗರ ಯೋಜಕ ಚೆನ್ ಝಾನ್‌ಷಿಯಾಂಗ್ ಹೊಸ ಸರ್ಕಾರಿ ಕೇಂದ್ರವನ್ನು ಹಳೆಯ ನಗರದ ಪಶ್ಚಿಮಕ್ಕೆ ನಿರ್ಮಿಸಬೇಕೆಂದೂ ಹಳೆಯ ನಗರವನ್ನು ಅದರ ಪಾಡಿಗೆ ಉಳಿಸಬೇಕೆಂದೂ ಪ್ರಸ್ತಾಪಿಸಿದರು. ಆ ಪ್ರಸ್ತಾಪ ತಿರಸ್ಕೃತವಾಯಿತು. ಸೋವಿಯತ್ ತಜ್ಞರ ಸಲಹೆಯಂತೆ ಆಡಳಿತ ಕೇಂದ್ರ ಹಳೆಯ ನಗರದಲ್ಲೇ ನೆಲೆಗೊಂಡಿತು. ಮುಂದೆ ನಗರ ಎಲ್ಲ ದಿಕ್ಕಿಗೂ ಒಂದೇ ಕೇಂದ್ರದಿಂದ ಹಬ್ಬಿದ್ದಕ್ಕೆ ಈ ತೀರ್ಮಾನವೇ ಮೂಲವೆಂದು ಅನೇಕ ಚೀನೀ ಲೇಖಕರು ಭಾವಿಸಿದ್ದಾರೆ.

ಬೀದಿ ಸಂಪರ್ಕದ ದೃಷ್ಟಿಯಿಂದ ಇದಕ್ಕಿಂತಲೂ ಪ್ರಮುಖವಾದುದು ದಾನ್‌ವೇ ಪದ್ಧತಿ. ಕಾರ್ಖಾನೆ, ಸಚಿವಾಲಯ, ವಿಶ್ವವಿದ್ಯಾಲಯ, ಸೇನಾ ವಿಭಾಗ ಮುಂತಾದ ಪ್ರತಿಯೊಂದು ಉದ್ಯೋಗ ಘಟಕವನ್ನೂ ದಾನ್‌ವೇ ಎಂದು ಕರೆಯಲಾಗುತ್ತಿತ್ತು. ಘಟಕವು ತನಗೆ ಹಂಚಿಕೆಯಾದ ಜಮೀನಿಗೆ ಗೋಡೆ ಕಟ್ಟಿ, ಒಳಗೆ ಕಚೇರಿ, ನೌಕರರ ಮನೆ, ಊಟದ ಮನೆ, ಚಿಕಿತ್ಸಾಲಯ, ಶಿಶುವಿಹಾರ, ಸ್ನಾನಗೃಹಗಳನ್ನು ನಿರ್ಮಿಸುತ್ತಿತ್ತು. ದಾಯುವಾನ್ ಎಂದು ಕರೆಯಲಾಗುವ ಇಂತಹ ಮಹಾ ಆವರಣಗಳು ಹಳೆಯ ಗೋಡೆಯಾಚೆ, ವಿಶೇಷವಾಗಿ ಪಶ್ಚಿಮ ಮತ್ತು ವಾಯವ್ಯದ ಹೈದಿಯಾನ್ ಜಿಲ್ಲೆಯಲ್ಲಿ, ಒಂದರ ಪಕ್ಕ ಒಂದರಂತೆ ಎದ್ದವು. ನಗರಾಡಳಿತದ ಪಾಲಿಗೆ ಉಳಿದದ್ದು ಆವರಣಗಳ ನಡುವಿನ ಮುಖ್ಯರಸ್ತೆಗಳನ್ನು ಹಾಕುವ ಕೆಲಸ ಮಾತ್ರ.

ಈ ವ್ಯವಸ್ಥೆಗೆ ತನ್ನದೇ ಆದ ತರ್ಕವಿತ್ತು. ಕೆಲಸ, ಮನೆ, ಶಾಲೆ ಎಲ್ಲವೂ ಗೋಡೆಯ ಒಳಗೇ ಇದ್ದುದರಿಂದ ಹೊರಗಿನ ಬೀದಿಗಳು ಚೆನ್ನಾಗಿ ಕೂಡಿಕೊಂಡಿಲ್ಲವೆಂಬುದು ನಿವಾಸಿಗಳಿಗೆ ಹೆಚ್ಚು ಬಾಧಿಸುತ್ತಿರಲಿಲ್ಲ. ಹೊರಗೆ ಹೋಗಬೇಕಾದಾಗ ಸೈಕಲ್ ಇತ್ತು. ನಡಿಗೆಯನ್ನು ಬಿಟ್ಟು ಲೆಕ್ಕ ಹಾಕಿದರೆ 1986ರಲ್ಲಿ ಬೀಜಿಂಗ್‌ನ ಪ್ರಯಾಣಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ಪಾಲು ಸೈಕಲ್ಲಿನದ್ದಾಗಿತ್ತು.

ವರ್ತುಲ ರಸ್ತೆಗಳು ಮತ್ತು ಹಸಿರು ಪಟ್ಟಿ

ಮಿಂಗ್ ಕಾಲದ ನಗರದ ಗೋಡೆಯನ್ನು 1950 ಮತ್ತು 60ರ ದಶಕಗಳಲ್ಲಿ ಕೆಡವಲಾಯಿತು. 1965ರಲ್ಲಿ ಆರಂಭವಾದ ಸುರಂಗ ರೈಲುಮಾರ್ಗದ ಕಾಮಗಾರಿಗಾಗಿ ಗೋಡೆಯ ಸಾಲಿನಲ್ಲೇ ನೆಲ ಅಗೆಯಲಾಯಿತು; ಅದೇ ಸಾಲಿನ ಮೇಲೆ ಎರಡನೆಯ ವರ್ತುಲ ರಸ್ತೆ ಬಂದಿತು. ಗೋಡೆ ಹೋದ ಜಾಗದಲ್ಲಿ ವಾಹನಗಳ ಗೋಡೆ ಎದ್ದಿತೆನ್ನಬಹುದು. ಮೊದಲನೆಯ ವರ್ತುಲ ರಸ್ತೆ ಎಂಬುದು ಅಧಿಕೃತವಾಗಿ ಅಸ್ತಿತ್ವದಲ್ಲಿಲ್ಲ. ಹಿಂದೆ ಹಳೆಯ ನಗರದೊಳಗೆ ಸುತ್ತುತ್ತಿದ್ದ ಟ್ರಾಮ್ ಮಾರ್ಗಕ್ಕೆ ಆ ಹೆಸರನ್ನು ಅನ್ವಯಿಸುವುದುಂಟು.

32.7 ಕಿಲೋಮೀಟರ್ ಉದ್ದದ ಎರಡನೆಯ ವರ್ತುಲ ರಸ್ತೆ 1992ರಲ್ಲಿ, 48 ಕಿಲೋಮೀಟರಿನ ಮೂರನೆಯದು 1994ರಲ್ಲಿ, 65.3 ಕಿಲೋಮೀಟರಿನ ನಾಲ್ಕನೆಯದು 2001ರಲ್ಲಿ ಪೂರ್ಣಗೊಂಡವು. ಸುಮಾರು 98.6 ಕಿಲೋಮೀಟರಿನ ಐದನೆಯದು 2003ರಲ್ಲೂ 187.6 ಕಿಲೋಮೀಟರಿನ ಆರನೆಯದು 2009ರಲ್ಲೂ ಮುಗಿದವು. ಎರಡನೆಯ ವರ್ತುಲದೊಳಗಿನ ಹಳೆಯ ನಗರದ ವಿಸ್ತೀರ್ಣ ಸುಮಾರು 62 ಚದರ ಕಿಲೋಮೀಟರ್. ಐದನೆಯ ವರ್ತುಲದೊಳಗಿನದು ಅದರ ಹತ್ತು ಪಟ್ಟಿಗಿಂತಲೂ ಹೆಚ್ಚು. ಒಂದು ಉಂಗುರ ಮುಗಿಯುವ ಹೊತ್ತಿಗೆ ನಗರ ಮುಂದಿನ ಉಂಗುರವನ್ನು ಮುಟ್ಟಿರುತ್ತಿತ್ತು. ಜನಗಣತಿಗಳ ಪ್ರಕಾರ ಬೀಜಿಂಗ್ ಆಡಳಿತ ವ್ಯಾಪ್ತಿಯ ಜನಸಂಖ್ಯೆ 1982ರಲ್ಲಿ 92 ಲಕ್ಷವಿದ್ದುದು 2000ದಲ್ಲಿ 1 ಕೋಟಿ 36 ಲಕ್ಷ, 2010ರಲ್ಲಿ 1 ಕೋಟಿ 96 ಲಕ್ಷ ಹಾಗೂ 2020ರಲ್ಲಿ 2 ಕೋಟಿ 19 ಲಕ್ಷಕ್ಕೆ ಏರಿತು.

ಈ ಬಗೆಯ ಬೆಳವಣಿಗೆಯನ್ನು ಚೀನೀ ಭಾಷೆಯಲ್ಲಿ "ತಾನ್ ದಾ ಬಿಂಗ್" ಎನ್ನುತ್ತಾರೆ. ಕಾದ ಹೆಂಚಿನ ಮೇಲೆ ದೊಡ್ಡ ರೊಟ್ಟಿಯನ್ನು ಹರಡುವುದು ಎಂಬುದು ಇದರ ಅರ್ಥ. ನಡುವಿನಿಂದ ಅಂಚಿಗೆ ಎಲ್ಲ ಕಡೆಗೂ ಒಂದೇ ಸಮನೆ ಹಿಗ್ಗುವ ನಗರಕ್ಕೆ ಈ ಹೋಲಿಕೆ. ಇದನ್ನು ತಡೆಯುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1958ರ ಯೋಜನೆಯೇ ಕೇಂದ್ರ ನಗರ ಮತ್ತು ಅದರ ಸುತ್ತ ಚದುರಿದ ಪ್ರತ್ಯೇಕ ಬಡಾವಣೆ ಗುಂಪುಗಳು, ಅವುಗಳ ನಡುವೆ ಹಸಿರು ಪ್ರದೇಶ ಎಂಬ ಕಲ್ಪನೆಯನ್ನು ಮುಂದಿಟ್ಟಿತ್ತು. ಆದರೆ ಹಸಿರೆಂದು ಗುರುತಿಸಿದ ಜಮೀನು ಕ್ರಮೇಣ ಮನೆ, ಗೋದಾಮು, ಮಾರುಕಟ್ಟೆಗಳ ಪಾಲಾಯಿತು. 2004ರ ಮಹಾ ಯೋಜನೆ ಹಲವು ಕೇಂದ್ರಗಳಿರುವ ನಗರವನ್ನು ಗುರಿಯಾಗಿಸಿಕೊಂಡಿತಾದರೂ ಉದ್ಯೋಗಗಳು ಬಹುಪಾಲು ಒಳಭಾಗದಲ್ಲೇ ಉಳಿದವು.

ವರ್ತುಲ ರಸ್ತೆಗಳು ದೂರದ ಸಂಚಾರವನ್ನು ಸುಗಮಗೊಳಿಸುತ್ತವೆ. ಆದರೆ ಅಡ್ಡ ದಾಟಬೇಕಾದವರಿಗೆ ಅವೇ ತಡೆ. ಮೇಲ್ಸೇತುವೆ ಅಥವಾ ಸುರಂಗ ದಾರಿ ಇರುವಲ್ಲಿಯವರೆಗೆ ನಡೆದು, ದಾಟಿ, ಮತ್ತೆ ಹಿಂದಕ್ಕೆ ಬರಬೇಕಾಗುತ್ತದೆ. ರಸ್ತೆ ಅಗಲವಾದಷ್ಟೂ ದಾಟುವ ಸ್ಥಳಗಳ ನಡುವಿನ ಅಂತರ ಹೆಚ್ಚುವುದು ಬೀಜಿಂಗ್‌ನಲ್ಲಿ ಸಾಮಾನ್ಯ.

ವಸತಿ ಸುಧಾರಣೆ ಮತ್ತು ಗೇಟಿನ ಬಡಾವಣೆಗಳು

1988ರ ಸಂವಿಧಾನ ತಿದ್ದುಪಡಿಯು ಭೂಮಿಯ ಬಳಕೆಯ ಹಕ್ಕನ್ನು ವರ್ಗಾಯಿಸಲು ಅವಕಾಶ ನೀಡಿತು. 1998ರಲ್ಲಿ ಉದ್ಯೋಗ ಘಟಕಗಳು ನೌಕರರಿಗೆ ಮನೆ ಹಂಚುವ ಪದ್ಧತಿ ಕೊನೆಗೊಂಡಿತು. ಮನೆ ಮಾರುಕಟ್ಟೆಯ ಸರಕಾಯಿತು. ನೌಕರನ ಮನೆ ಮತ್ತು ಕೆಲಸದ ಸ್ಥಳದ ನಡುವಿನ ಕಟ್ಟು ಕಡಿಯಿತು. ಗೋಡೆ ಮಾತ್ರ ಉಳಿಯಿತು. ದಾಯುವಾನ್‌ನ ಗೋಡೆಗೆ ಇದ್ದ ಸಮರ್ಥನೆ, ಅಂದರೆ ಎಲ್ಲವೂ ಒಳಗೇ ದೊರೆಯುತ್ತದೆ ಎಂಬುದು, ಹೊಸ ಬಡಾವಣೆಗಳಿಗೆ ಅನ್ವಯಿಸುತ್ತಿರಲಿಲ್ಲ. ನಿವಾಸಿಗಳು ಪ್ರತಿದಿನ ಹೊರಗೆ ಹೋಗಲೇಬೇಕಾಗಿತ್ತು.

ಹೊಸ ಬಡಾವಣೆಯನ್ನು ಷಿಯಾವೊಚು ಎನ್ನುತ್ತಾರೆ. 1993ರ ರಾಷ್ಟ್ರೀಯ ವಸತಿ ಯೋಜನಾ ಮಾನದಂಡದ ಪ್ರಕಾರ ಒಂದು ಷಿಯಾವೊಚುವಿನಲ್ಲಿ 15,000ದವರೆಗೆ ಜನರಿರಬಹುದಿತ್ತು. ನಗರದ ಮುಖ್ಯ ಸಂಚಾರ ಅದರೊಳಗೆ ಹಾಯಬಾರದು. ಈ ಕಲ್ಪನೆಯ ಬೇರು ಸೋವಿಯತ್ ಒಕ್ಕೂಟದ ವಸತಿ ಘಟಕಗಳಲ್ಲಿದೆ. ಸ್ಥಳೀಯ ಸರ್ಕಾರಗಳಿಗೆ ಜಮೀನಿನ ಹಕ್ಕಿನ ಮಾರಾಟ ದೊಡ್ಡ ಆದಾಯ ಮೂಲವಾಗಿದ್ದುದರಿಂದ ದೊಡ್ಡ ತುಂಡುಗಳನ್ನು ಒಟ್ಟಾಗಿ ಮಾರುವುದು ಅನುಕೂಲಕರವಾಗಿತ್ತು. ಸುತ್ತಲಿನ ಮುಖ್ಯರಸ್ತೆಯನ್ನು ಸರ್ಕಾರ ಹಾಕಿದರೆ ಒಳರಸ್ತೆಗಳ ವೆಚ್ಚ ಕಟ್ಟಡ ನಿರ್ಮಾಪಕರ ಮೇಲೆ ಬೀಳುತ್ತಿತ್ತು, ಅಂತಿಮವಾಗಿ ಮನೆ ಕೊಂಡವರ ಮೇಲೆ. ಹೀಗೆ ಸಣ್ಣ ಸಾರ್ವಜನಿಕ ಬೀದಿಯನ್ನು ನಿರ್ಮಿಸುವ ಹೊಣೆ ಯಾರಿಗೂ ಇಲ್ಲದಂತಾಯಿತು.

ಇದಕ್ಕೆ ಅಪವಾದಗಳೂ ಇವೆ. ಚಾವೊಯಾಂಗ್ ಜಿಲ್ಲೆಯ ವಾಣಿಜ್ಯ ಕೇಂದ್ರದಲ್ಲಿ ಜಪಾನಿನ ವಾಸ್ತುಶಿಲ್ಪಿ ರಿಕೆನ್ ಯಾಮಾಮೊಟೊ ವಿನ್ಯಾಸಗೊಳಿಸಿದ ಜಿಯಾನ್‌ವಾಯ್ ಸೋಹೊ ಸಂಕೀರ್ಣಕ್ಕೆ ಸುತ್ತುಗೋಡೆಯಿಲ್ಲ. ಎತ್ತರದ ಕಟ್ಟಡಗಳ ನಡುವೆ ಅಂಗಡಿಸಾಲಿನ ಓಣಿಗಳಿದ್ದು ಯಾರು ಬೇಕಾದರೂ ಹಾದುಹೋಗಬಹುದು.

ಹುಯಿಲೊಂಗ್‌ಗುವಾನ್ ಮತ್ತು ತಿಯಾನ್‌ತೊಂಗ್‌ಯುವಾನ್

ಐದನೆಯ ವರ್ತುಲದ ಉತ್ತರಕ್ಕೆ, ಚಾಂಗ್‌ಪಿಂಗ್ ಜಿಲ್ಲೆಯಲ್ಲಿ, 1990ರ ದಶಕದ ಕೊನೆಯಿಂದ ಕೈಗೆಟಕುವ ಬೆಲೆಯ ಮನೆಗಳ ಎರಡು ಬೃಹತ್ ಪ್ರದೇಶಗಳು ಬೆಳೆದವು. ಇವೆರಡೂ ಸೇರಿದ 63 ಚದರ ಕಿಲೋಮೀಟರ್ ಪ್ರದೇಶದಲ್ಲಿ 8 ಲಕ್ಷಕ್ಕೂ ಹೆಚ್ಚು ಜನರು ವಾಸಿಸುತ್ತಾರೆ. ಇಲ್ಲಿ ಉದ್ಯೋಗಗಳು ಕಡಿಮೆ. ಬೆಳಗ್ಗೆ ಹೊರಟು ರಾತ್ರಿ ಮಲಗಲು ಮಾತ್ರ ಮರಳುವವರು ಹೆಚ್ಚಾಗಿರುವುದರಿಂದ ಇವುಗಳಿಗೆ ಮಲಗುವ ನಗರಗಳು ಎಂಬ ಅಡ್ಡಹೆಸರು ಬಂದಿದೆ.

ಹುಯಿಲೊಂಗ್‌ಗುವಾನ್‌ನ ಸಮಸ್ಯೆ ದೂರದ್ದಷ್ಟೇ ಅಲ್ಲ. ಅಲ್ಲಿನ ಅನೇಕರು ಕೆಲಸ ಮಾಡುವ ಷಾಂಗ್‌ದಿ ಸಾಫ್ಟ್‌ವೇರ್ ಪ್ರದೇಶ ಆರೇಳು ಕಿಲೋಮೀಟರ್ ದೂರದಲ್ಲಿದೆ. ನಡುವೆ ಬೀಜಿಂಗ್-ಟಿಬೆಟ್ ಎಕ್ಸ್‌ಪ್ರೆಸ್ ಹೆದ್ದಾರಿಯೂ ರೈಲು ಹಳಿಗಳೂ ಅಡ್ಡಬರುತ್ತವೆ. ದಾಟುವ ರಸ್ತೆಗಳು ಬೆರಳೆಣಿಕೆಯಷ್ಟಿದ್ದು ಎಲ್ಲ ವಾಹನಗಳೂ ಅಲ್ಲೇ ಬಂದು ಸೇರುತ್ತವೆ. 2019ರ ಮೇ 31ರಂದು ಈ ಎರಡು ಸ್ಥಳಗಳ ನಡುವೆ 6.5 ಕಿಲೋಮೀಟರ್ ಉದ್ದದ, ಸೈಕಲ್‌ಗಳಿಗೆ ಮಾತ್ರ ಮೀಸಲಾದ ಮಾರ್ಗ ತೆರೆಯಿತು. ಬೀಜಿಂಗ್‌ನಲ್ಲಿ ಇಂತಹ ಮೊದಲ ಮಾರ್ಗ ಇದು. ಬಹುಭಾಗ ನೆಲದಿಂದ ಮೇಲೆತ್ತರಿಸಿರುವ ಈ ದಾರಿಯಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ತಲುಪಬಹುದು. ಹೊಸ ಸಂಪರ್ಕವೊಂದು ಎಷ್ಟು ಬದಲಾವಣೆ ತರಬಲ್ಲದೆಂಬುದನ್ನು ಇದು ತೋರಿಸಿತು. ಒಂದು ಸೈಕಲ್ ದಾರಿಗೆ ಸೇತುವೆಯನ್ನೇ ಕಟ್ಟಬೇಕಾಗಿ ಬಂದುದು ಮೂಲ ವಿನ್ಯಾಸದ ದೋಷವನ್ನೂ ತೋರಿಸುತ್ತದೆ.

ಸಂಚಾರದ ಮೇಲಿನ ಪರಿಣಾಮ

ಸಣ್ಣ ಬೀದಿಗಳಿಲ್ಲದ ಜಾಲದಲ್ಲಿ ಪಕ್ಕದ ಅಂಗಡಿಗೆ ಹೋಗುವ ವಾಹನವೂ ಊರಾಚೆ ಹೋಗುವ ವಾಹನವೂ ಒಂದೇ ಮುಖ್ಯರಸ್ತೆಯನ್ನು ಬಳಸಬೇಕಾಗುತ್ತದೆ. ಅಲ್ಲಿ ತಡೆಯಾದರೆ ಪರ್ಯಾಯ ದಾರಿ ಇರುವುದಿಲ್ಲ. ನಡಿಗೆಯ ದೂರ ಹೆಚ್ಚಿದಂತೆ ಬಸ್ ನಿಲ್ದಾಣ ಮತ್ತು ಮೆಟ್ರೊ ನಿಲ್ದಾಣಗಳ ಉಪಯುಕ್ತತೆಯೂ ಕುಗ್ಗುತ್ತದೆ. ನಿಲ್ದಾಣ ಗೋಡೆಯಾಚೆಯೇ ಇದ್ದರೂ ಗೇಟು ಮತ್ತೊಂದು ಬದಿಗಿರಬಹುದು.

2010ರ ದಶಕದ ಮಧ್ಯಭಾಗದ ವೇಳೆಗೆ ಸೈಕಲ್ ಪ್ರಯಾಣದ ಪಾಲು ಶೇಕಡಾ 12ರ ಆಸುಪಾಸಿಗೆ ಕುಸಿದಿತ್ತು. ಈ ಕುಸಿತಕ್ಕೆ ಆದಾಯದ ಏರಿಕೆ, ಕಾರಿನ ಆಕರ್ಷಣೆ, ದೂರದ ಹೆಚ್ಚಳ ಎಲ್ಲವೂ ಕಾರಣ. ಬೀದಿ ವಿನ್ಯಾಸವೊಂದನ್ನೇ ದೂರುವಂತಿಲ್ಲ. 2011ರ ಜನವರಿಯಿಂದ ಹೊಸ ಕಾರುಗಳ ನೋಂದಣಿ ಫಲಕಗಳನ್ನು ಲಾಟರಿ ಮೂಲಕ ಹಂಚಲಾಗುತ್ತಿದೆ. ಮೆಟ್ರೊ ಜಾಲ 2001ರಲ್ಲಿ ಸುಮಾರು 54 ಕಿಲೋಮೀಟರ್ ಇದ್ದುದು 2020ರ ಅಂತ್ಯಕ್ಕೆ 700 ಕಿಲೋಮೀಟರ್ ದಾಟಿತು.

2016ರ ಮಾರ್ಗಸೂಚಿ

2015ರ ಡಿಸೆಂಬರಿನಲ್ಲಿ 37 ವರ್ಷಗಳ ಬಳಿಕ ಕೇಂದ್ರೀಯ ನಗರ ಕಾರ್ಯ ಸಮ್ಮೇಳನ ನಡೆಯಿತು. ಅದರ ಬೆನ್ನಿಗೆ 2016ರ ಫೆಬ್ರವರಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಮತ್ತು ರಾಜ್ಯ ಪರಿಷತ್ತು ನಗರ ಯೋಜನೆಯ ಕುರಿತು ಮಾರ್ಗಸೂಚಿಯೊಂದನ್ನು ಪ್ರಕಟಿಸಿದವು. ತತ್ತ್ವತಃ ಇನ್ನು ಮುಂದೆ ಗೋಡೆಯಿಂದ ಸುತ್ತುವರಿದ ವಸತಿ ಬಡಾವಣೆಗಳನ್ನು ಕಟ್ಟಬಾರದು, ಈಗಾಗಲೇ ಇರುವ ಬಡಾವಣೆ ಮತ್ತು ದಾನ್‌ವೇ ಆವರಣಗಳನ್ನು ಹಂತಹಂತವಾಗಿ ತೆರೆದು ಒಳರಸ್ತೆಗಳನ್ನು ಸಾರ್ವಜನಿಕಗೊಳಿಸಬೇಕು ಎಂದು ಅದು ಹೇಳಿತು. ಕಿರಿದಾದ ರಸ್ತೆ, ದಟ್ಟವಾದ ಜಾಲ ಎಂಬುದು ಅದರ ಸೂತ್ರವಾಗಿತ್ತು. 2020ರ ವೇಳೆಗೆ ನಗರಗಳ ರಸ್ತೆ ಜಾಲದ ಸರಾಸರಿ ಸಾಂದ್ರತೆ ಚದರ ಕಿಲೋಮೀಟರಿಗೆ 8 ಕಿಲೋಮೀಟರ್ ತಲುಪಬೇಕೆಂಬ ಗುರಿಯನ್ನೂ ನೀಡಲಾಯಿತು.

ಮಾರ್ಗಸೂಚಿಗೆ ವ್ಯಾಪಕ ವಿರೋಧ ವ್ಯಕ್ತವಾಯಿತು. ಆಗ ಜಾರಿಯಲ್ಲಿದ್ದ 2007ರ ಆಸ್ತಿ ಕಾನೂನಿನ 73ನೆಯ ವಿಧಿಯ ಪ್ರಕಾರ, ನಗರದ ಸಾರ್ವಜನಿಕ ರಸ್ತೆಗಳನ್ನು ಹೊರತುಪಡಿಸಿ, ಬಡಾವಣೆಯೊಳಗಿನ ರಸ್ತೆಗಳು ಮನೆ ಮಾಲೀಕರ ಸಾಮೂಹಿಕ ಸ್ವತ್ತು. ಹಣ ಕೊಟ್ಟು ಪಡೆದ ರಸ್ತೆ ಮತ್ತು ಹಸಿರನ್ನು ಪರಿಹಾರವಿಲ್ಲದೆ ಬಿಟ್ಟುಕೊಡುವುದೆಂತು ಎಂಬುದು ನಿವಾಸಿಗಳ ಪ್ರಶ್ನೆಯಾಗಿತ್ತು. ಮಕ್ಕಳು ಆಡುವ ಅಂಗಳದಲ್ಲಿ ವಾಹನಗಳು ಓಡಾಡುವ ಭಯ, ಕಳ್ಳತನದ ಆತಂಕಗಳೂ ಇದ್ದವು. ಈ ಆಕ್ಷೇಪಗಳನ್ನು ಹುರುಳಿಲ್ಲದವೆಂದು ತಳ್ಳಿಹಾಕಲಾಗದು. ಅಗಲ ರಸ್ತೆಯ ನಗರದಲ್ಲಿ ಗೋಡೆಯೊಳಗಿನ ಜಾಗವೇ ವೃದ್ಧರು ಮತ್ತು ಮಕ್ಕಳಿಗೆ ನಿಶ್ಚಿಂತೆಯಿಂದ ನಡೆಯಲು ಉಳಿದ ಜಾಗವಾಗಿತ್ತು. ತೆರೆಯುವ ಕೆಲಸ ಕ್ರಮೇಣವಾಗಿ ನಡೆಯುವುದೆಂದೂ ಎಲ್ಲ ಗೋಡೆಗಳನ್ನು ಒಮ್ಮೆಲೇ ಕೆಡವುವುದಿಲ್ಲವೆಂದೂ ವಸತಿ ಸಚಿವಾಲಯ ಸ್ಪಷ್ಟನೆ ನೀಡಿತು.

ಹೊಸ ನಿರ್ಮಾಣಗಳ ವಿಷಯದಲ್ಲಿ ನಿಯಮ ನಿಜವಾಗಿಯೂ ಬದಲಾಯಿತು. 2018ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಪರಿಷ್ಕೃತ ವಸತಿ ಮಾನದಂಡವು 5, 10 ಮತ್ತು 15 ನಿಮಿಷಗಳ ನಡಿಗೆಯ ವಲಯಗಳನ್ನು ಆಧಾರವಾಗಿಟ್ಟುಕೊಂಡು, ಮೂಲ ವಸತಿ ಘಟಕದ ವಿಸ್ತೀರ್ಣವನ್ನು 2ರಿಂದ 4 ಹೆಕ್ಟೇರಿಗೆ ಸೀಮಿತಗೊಳಿಸಿತು. ಆದರೆ ಸಾಂದ್ರತೆಯ ಗುರಿಯನ್ನು ಮುಟ್ಟಿದ ನಗರಗಳು ಕಡಿಮೆ. ಶೆನ್‌ಝೆನ್, ಷಿಯಾಮೆನ್, ಚೆಂಗ್‌ದುಗಳು 8 ಕಿಲೋಮೀಟರ್ ದಾಟಿದ್ದರೆ, ಚೀನಾದ ನಗರ ಯೋಜನೆ ಮತ್ತು ವಿನ್ಯಾಸ ಅಕಾಡೆಮಿಯ ವರದಿಗಳಲ್ಲಿ ಬೀಜಿಂಗ್‌ನ ಅಂಕಿ 6ಕ್ಕಿಂತ ಕಡಿಮೆಯಿತ್ತು.

ನಕ್ಷೆ ಮತ್ತು ನೆಲ

ಉಪಗ್ರಹ ಚಿತ್ರ ಹಾಗೂ ಮುಕ್ತ ನಕ್ಷೆಗಳ ಆಧಾರದಲ್ಲಿ ನಡೆಯುವ ಹೋಲಿಕೆಗಳಿಗೆ ಬೀಜಿಂಗ್‌ನಲ್ಲಿ ಒಂದು ತೊಡಕಿದೆ. ಬಡಾವಣೆಯ ಒಳರಸ್ತೆ ನಕ್ಷೆಯಲ್ಲಿ ಕಾಣಿಸಬಹುದು, ಅದರ ತುದಿಯ ಗೇಟು ಕಾಣಿಸದಿರಬಹುದು. ಆಗ ಲೆಕ್ಕದಲ್ಲಿ ಜಾಲ ಚೆನ್ನಾಗಿ ಕೂಡಿಕೊಂಡಂತೆ ತೋರುತ್ತದೆ. ಒಳರಸ್ತೆಯನ್ನು ಗುರುತಿಸದೇ ಇದ್ದರೆ ಆವರಣದೊಳಗಿನ ನಡಿಗೆಯ ದಾರಿಗಳೆಲ್ಲ ಲೆಕ್ಕದಿಂದ ಹೊರಗುಳಿಯುತ್ತವೆ. ಅನುಮತಿಯಿಲ್ಲದೆ ಭೂಮಾಪನ ಮಾಡುವುದನ್ನು ಚೀನಾದ ಕಾನೂನು ನಿಷೇಧಿಸಿರುವುದರಿಂದ ಸ್ವಯಂಸೇವಕರು ಸ್ಥಳ ಪರಿಶೀಲಿಸಿ ನಕ್ಷೆ ತಿದ್ದುವುದೂ ಕಷ್ಟ. ಗೇಟುಗಳೂ ಸ್ಥಿರವಲ್ಲ. 2020ರ ಫೆಬ್ರವರಿಯಲ್ಲಿ ಕೊರೊನಾ ಸೋಂಕು ಹರಡಿದಾಗ ಬೀಜಿಂಗ್‌ನ ವಸತಿ ಬಡಾವಣೆಗಳಲ್ಲಿ ಒಂದೆರಡನ್ನು ಬಿಟ್ಟು ಉಳಿದ ಪ್ರವೇಶದ್ವಾರಗಳನ್ನು ಮುಚ್ಚಲಾಯಿತು. ನಾಲ್ಕು ವರ್ಷಗಳ ಹಿಂದೆ ಟೀಕೆಗೆ ಗುರಿಯಾಗಿದ್ದ ಗೋಡೆಗಳು ಆಗ ಸೋಂಕು ನಿಯಂತ್ರಣದ ಸಾಧನಗಳಾದವು.

ಹೊರವಲಯದ ಹೊಸ ಕೇಂದ್ರಗಳು

2016–2035ರ ಅವಧಿಯ ಮಹಾ ಯೋಜನೆಯು ಬೀಜಿಂಗ್‌ನ ಜನಸಂಖ್ಯೆಯನ್ನು 2 ಕೋಟಿ 30 ಲಕ್ಷಕ್ಕೆ ಮಿತಿಗೊಳಿಸುವ ಗುರಿ ಹೊಂದಿದೆ. ನಗರಾಡಳಿತದ ಕಚೇರಿಗಳು 2019ರ ಜನವರಿಯಲ್ಲಿ ಪೂರ್ವದ ತೊಂಗ್‌ಝೌ ಜಿಲ್ಲೆಗೆ ಸ್ಥಳಾಂತರಗೊಂಡವು. ಆಡಳಿತ ಕೇಂದ್ರವನ್ನು ಹಳೆಯ ನಗರದ ಹೊರಗೆ ಇರಿಸುವ 1950ರ ಸಲಹೆ ಹೀಗೆ ಸುಮಾರು ಏಳು ದಶಕಗಳ ನಂತರ, ಬೇರೊಂದು ದಿಕ್ಕಿನಲ್ಲಿ, ಭಾಗಶಃ ಕಾರ್ಯರೂಪಕ್ಕೆ ಬಂದಿತು. ತೊಂಗ್‌ಝೌ ಉಪಕೇಂದ್ರದ 155 ಚದರ ಕಿಲೋಮೀಟರ್ ಪ್ರದೇಶವನ್ನು 12 ಗುಂಪುಗಳಾಗಿಯೂ 36 ನೆರೆಹೊರೆಗಳಾಗಿಯೂ ವಿಂಗಡಿಸಿ ಯೋಜಿಸಲಾಗಿದೆ.

ತೊಂಗ್‌ಝೌನ ಪೂರ್ವಕ್ಕೆ ಚಾವೊಬಾಯ್ ನದಿಯನ್ನು ದಾಟಿದರೆ ಹೆಬೇಯ್ ಪ್ರಾಂತ್ಯದ ಯಾನ್‌ಜಿಯಾವೊ ಪಟ್ಟಣ. ಬೀಜಿಂಗ್‌ನಲ್ಲಿ ಮನೆ ಕೊಳ್ಳಲಾಗದ ಅಪಾರ ಸಂಖ್ಯೆಯ ಜನರು ಅಲ್ಲಿ ನೆಲೆಸಿ ನಸುಕಿನಲ್ಲೇ ಬಸ್ಸಿಗೆ ಸಾಲು ನಿಲ್ಲುತ್ತಾರೆ. ಎರಡು ಬೇರೆ ಪ್ರಾಂತ್ಯಾಡಳಿತಗಳ ಗಡಿಯಾಗಿರುವ ಈ ನದಿಗೆ ಸೇತುವೆಗಳು ಕೆಲವೇ ಇವೆ. ಯಾನ್‌ಜಿಯಾವೊ ಮೂಲಕ ಪಿಂಗ್‌ಗು ಜಿಲ್ಲೆಯವರೆಗೆ ಸಾಗುವ 22ನೆಯ ಮೆಟ್ರೊ ಮಾರ್ಗದ ನಿರ್ಮಾಣವನ್ನು ಕೈಗೆತ್ತಿಕೊಳ್ಳಲಾಗಿದೆ.